ಕೈಗಿಂತ ಮೊದಲು ಕಿವಿ

ನಲವತ್ತಾರನೆಯ ವಯಸ್ಸಿನಲ್ಲಿ, ವಿಜಯದಶಮಿಯ ದಿನ ಗುರುಗಳಿಗೆ ಫಲತಾಂಬೂಲ ಕೊಟ್ಟು ವೀಣೆಯ ಪಾಠ ಆರಂಭಿಸಿದ ನಾನು ಸಂಕ್ರಾಂತಿಯ ಹೊತ್ತಿಗೆ ಅದನ್ನು ಬಿಟ್ಟುಬಿಟ್ಟಿದ್ದೆ. ಬೆಳಗಿನ ನಡಿಗೆ, ಸಂಸ್ಕೃತದ ತರಗತಿ, ದಿನಚರಿ ಬರೆಯುವ ಸಂಕಲ್ಪ ಇವೆಲ್ಲವೂ ಅದಕ್ಕೆ ಮೊದಲೇ ಇದೇ ದಾರಿ ಹಿಡಿದಿದ್ದುದರಿಂದ, ಛಲವೆಂಬುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ನನ್ನ ಪಾಲಿಗೆ ಅದು ಬಂದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ. ಆ ತೀರ್ಮಾನ ಎಲ್ಲಿ ತಪ್ಪಿತ್ತು ಎಂಬುದು ಈಗ, ಆರು ವರ್ಷಗಳ ಅಭ್ಯಾಸದ ನಂತರ, ಸ್ವಲ್ಪಮಟ್ಟಿಗೆ ತಿಳಿದಿದೆ.

ಬಿಟ್ಟದ್ದಕ್ಕೆ ನಾನು ಆಗ ಕೊಡುತ್ತಿದ್ದ ಕಾರಣ ಬೆರಳಿನ ನೋವು. ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಯಲ್ಲಿ ತಂತಿ ಕೊರೆದ ಗೆರೆ ಬೀಳುತ್ತಿತ್ತು. ಕಚೇರಿಯಲ್ಲಿ ಕೀಲಿಮಣೆ ಒತ್ತುವಾಗಲೂ ಉರಿಯುತ್ತಿತ್ತು. ಆದರೆ ನಿಜವಾದ ಕಾರಣ ಬೇಸರ. ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಕ್ರಮದಂತೆ ಮಾಯಾಮಾಳವಗೌಳ ರಾಗದ ಸರಳೆ ವರಸೆಗಳನ್ನು, ಅಂದರೆ ಆರಂಭದ ಸ್ವರಪಾಠಗಳನ್ನು, ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ದಿನವೂ ನುಡಿಸುತ್ತಿದ್ದೆ, ಮತ್ತು ಅದರಲ್ಲಿ ನನಗೆ ಏನೂ ಕೇಳಿಸುತ್ತಿರಲಿಲ್ಲ. ವೀಣೆಯಲ್ಲಿ ಹೊಸಬರಿಗೆ ಒಂದು ಅಪಾಯವಿದೆ. ತಂತಿಯ ಕೆಳಗೆ, ಮೇಣದ ಮೇಲೆ ಅಡ್ಡಡ್ಡವಾಗಿ ಕೂರಿಸಿದ 24 ಲೋಹದ ಪಟ್ಟಿಗಳು, ಅಂದರೆ ಮೆಟ್ಟಿಲುಗಳು, ಇರುವುದರಿಂದ, ಸರಿಯಾದ ಮೆಟ್ಟಿಲನ್ನು ಒತ್ತಿ ಮೀಟಿದರೆ ಸ್ವರ ಸುಮಾರಾಗಿ ತಾನಾಗಿಯೇ ಬರುತ್ತದೆ. ಪಿಟೀಲು ಕಲಿಯುವವರು ಮೊದಲ ದಿನದಿಂದಲೇ ಸ್ವರದ ಜಾಗವನ್ನು ಕಿವಿಯಿಂದ ಹುಡುಕಬೇಕಾಗುತ್ತದೆ. ವೈಣಿಕರ ಕಿವಿಗೆ ಆರಂಭದಲ್ಲಿ ನಿದ್ದೆ ಮಾಡುವ ಅವಕಾಶವಿದೆ, ಮತ್ತು ನನ್ನ ಕಿವಿ ಅದನ್ನು ಧಾರಾಳವಾಗಿ ಬಳಸಿಕೊಂಡಿತು. ನುಡಿಸಿದ್ದರಲ್ಲಿ ತಪ್ಪು ಎಲ್ಲಿದೆಯೆಂದು ಕಾಣದಿದ್ದಾಗ ತಿದ್ದಬೇಕೆಂಬ ಆಸೆ ಎಲ್ಲಿಂದ ಬರಬೇಕು?

ಆರು ವಾರ ಕಳೆದ ಮೇಲೆ ಗುರುಗಳು ತಾವೇ ಫೋನ್ ಮಾಡಿದರು. ಬೈಯುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟೇ: "ಪಾಠ ನುಡಿಸಬೇಡಿ. ದಿನಾ ಕೂತು ತಂತಿಗಳನ್ನು ಶ್ರುತಿಗೆ ಸೇರಿಸಿ, ಒಂದು ವರಸೆ ಬಾಯಲ್ಲಿ ಹಾಡಿ, ಎದ್ದುಬಿಡಿ." ಇಷ್ಟು ಸಣ್ಣ ಕೆಲಸಕ್ಕೆ ಇಲ್ಲವೆನ್ನಲು ನಾಚಿಕೆಯಾಗಿ ಒಪ್ಪಿಕೊಂಡೆ. ಮೊದಲ ಎರಡು ವಾರ ತಂತಿಯನ್ನು ಬಿಗಿ ಸಡಿಲ ಮಾಡುವ ಬಿರಡೆ ತಿರುಗಿಸುವುದೇ ಒಂದು ಪೇಚಾಟವಾಗಿತ್ತು. ಶ್ರುತಿಪೆಟ್ಟಿಗೆಯ ನಾದವೂ ತಂತಿಯ ನಾದವೂ ಬೇರೆಬೇರೆಯೇ ಉಳಿಯುತ್ತಿದ್ದವು. ಮೂರನೆಯ ವಾರದ ಒಂದು ಸಂಜೆ ಪಂಚಮದ ತಂತಿ ಕೂದಲೆಳೆಯಷ್ಟು ಇಳಿದಿರುವುದು ಇದ್ದಕ್ಕಿದ್ದಂತೆ ಕೇಳಿಸಿತು. ಏರಿಸಿದೆ, ಹೆಚ್ಚಾಯಿತು, ಇಳಿಸಿದೆ, ಮತ್ತೆ ಕಡಿಮೆಯಾಯಿತು. ಕೊನೆಗೆ ಎರಡು ನಾದಗಳ ನಡುವಿನ ಅಲುಗಾಟ ನಿಧಾನವಾಗುತ್ತಾ ಬಂದು ನಿಂತೇಹೋದಾಗ ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ಕುಕ್ಕರಿನ ಸೀಟಿಗಳ ಲೆಕ್ಕ ತಪ್ಪಿ ಬೇಳೆ ತಳ ಹಿಡಿದಿತ್ತು. ಆ ರಾತ್ರಿ ಮನೆಯವರೆಲ್ಲ ಮೊಸರನ್ನ ಉಂಡರು.

ಅಂದಿನಿಂದ ನನ್ನನ್ನು ವೀಣೆಯ ಮುಂದೆ ಕೂರಿಸಿದ್ದು ಸಂಕಲ್ಪವಲ್ಲ, ಒಂದು ಬಗೆಯ ಕಿರಿಕಿರಿ. ಕಿವಿ ಕೈಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿತ್ತು. ಕೈ ಮಾಡಿದ್ದು ಅದಕ್ಕೆ ಹಿಡಿಸುತ್ತಿರಲಿಲ್ಲ. ಆರು ವಾರಗಳಲ್ಲಿ ಮೆತ್ತಗಾಗಿದ್ದ ಬೆರಳುಗಳು ಮೊದಲಿನಷ್ಟೇ ನೊಂದವು, ಆದರೆ ಈ ಸಲ ನೋವು ನೆಪವಾಗಲಿಲ್ಲ.

ಮೈಸೂರಿನ ವೈಣಿಕರ ಬಗ್ಗೆ ಯೋಚಿಸುವಾಗಲೂ ನನಗೆ ಇದೇ ಹೊಳೆಯುತ್ತದೆ. 1852ರಲ್ಲಿ ಹುಟ್ಟಿದ ವೀಣೆ ಶೇಷಣ್ಣನವರ ತಂದೆ ಚಿಕ್ಕರಾಮಪ್ಪನವರು ಅರಮನೆಯ ವಿದ್ವಾಂಸರು. ಅಂಥ ಮನೆಯಲ್ಲಿ ಮಗುವಿನ ಕೈ ತಂತಿಗೆ ಎಟುಕುವುದಕ್ಕೆ ಎಷ್ಟೋ ಮೊದಲೇ ಕಿವಿ ತುಂಬಿರುತ್ತದೆ. ನಾವು ಹುಟ್ಟುಗುಣವೆಂದು ಕರೆಯುವುದರಲ್ಲಿ ಎಷ್ಟು ಭಾಗ ಹೀಗೆ ಕೇಳಿ ಕೇಳಿ ಬಂದದ್ದೋ ಎಂಬುದು ನನ್ನ ಅನುಮಾನ. ಅವರ ಸಾಧನೆಗೆ ನನ್ನದನ್ನು ಹೋಲಿಸುವ ಉದ್ಧಟತನ ನನಗಿಲ್ಲ. ಅವರಿಗೆ ತೊಟ್ಟಿಲಲ್ಲಿ ಸಿಕ್ಕಿದ್ದನ್ನು ನಾನು ನಲವತ್ತಾರರಲ್ಲಿ ಬಿರಡೆ ತಿರುಗಿಸುತ್ತಾ ಒಂದಿಷ್ಟು ಸಂಪಾದಿಸಬೇಕಾಯಿತು, ಅಷ್ಟೆ. ಆ ಪರಂಪರೆಯ ವಿ. ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಿಕೆಗಳನ್ನು ಮೊದಲು ಹಿನ್ನೆಲೆಯ ಸದ್ದಿನಂತೆ ಕೇಳುತ್ತಿದ್ದವನು ನಾನು. ಈಗ ಒಂದೇ ಮೀಟಿನಲ್ಲಿ ಅವರು ಎಷ್ಟು ಸ್ವರಗಳನ್ನು ಎಳೆದು ತರುತ್ತಾರೆಂದು ಎಣಿಸುತ್ತಾ ಕೂರುತ್ತೇನೆ.

ಉತ್ಸಾಹ ಬತ್ತುವ ದಿನಗಳು ಈಗಲೂ ಇವೆ. ಅಂಥ ವಾರಗಳಲ್ಲಿ ಹೆಚ್ಚು ಹೊತ್ತು ನುಡಿಸಲು ಹೋಗುವುದಿಲ್ಲ. ನುಡಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಮರುದಿನ ಕೇಳುತ್ತೇನೆ. ಅಂದು ಚೆನ್ನಾಗಿತ್ತೆನಿಸಿದ್ದು ಮರುದಿನ ಸಹಿಸಲಾಗದಷ್ಟು ಒರಟಾಗಿ ಕೇಳುತ್ತದೆ, ಕೈ ತಾನಾಗಿ ವೀಣೆಯ ಕಡೆಗೆ ಹೋಗುತ್ತದೆ. ಗವಸು ತೆಗೆದ ವೀಣೆಯನ್ನು ಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆಯೇ ಇಟ್ಟಿರುವುದೂ ಉಪಯೋಗಕ್ಕೆ ಬಂದಿದೆ, ಧೂಳು ಒರೆಸುವ ಕೆಲಸ ಹೆಚ್ಚಾದರೂ. ಇನ್ನೊಂದನ್ನು ಒಪ್ಪಿಕೊಳ್ಳಬೇಕು: ವೀಣೆಯಲ್ಲಿ ಬಂದ ಛಲ ಬೇರೆಲ್ಲಿಗೂ ಹರಿದಿಲ್ಲ. ಬೆಳಗಿನ ನಡಿಗೆ ಇಂದಿಗೂ ಸೋಮವಾರ ಶುರುವಾಗಿ ಬುಧವಾರ ಮುಗಿಯುತ್ತದೆ.

ಸದ್ಯ ತೋಡಿ ರಾಗದ ಗಾಂಧಾರದಲ್ಲಿ, ಅಂದರೆ ಅದರ 'ಗ' ಸ್ವರದಲ್ಲಿ, ಸಿಕ್ಕಿಹಾಕಿಕೊಂಡಿದ್ದೇನೆ. ಅಲ್ಲಿ ಗಾಂಧಾರದ ಮೆಟ್ಟಿಲನ್ನು ಒತ್ತಿ ಸುಮ್ಮನಿದ್ದರೆ ರಾಗವೇ ಕಾಣಿಸುವುದಿಲ್ಲ. ರಿಷಭ ಮತ್ತು ಮಧ್ಯಮಗಳ ನಡುವೆ ತಂತಿಯನ್ನು ಎಳೆದು ತೂಗಾಡಿಸಬೇಕು, ಎಷ್ಟು ಎಳೆಯಬೇಕೆಂದು ಯಾವ ಮೆಟ್ಟಿಲೂ ಹೇಳುವುದಿಲ್ಲ. ನಾಲ್ಕು ತಿಂಗಳಾಯಿತು. ಕಳೆದ ಗುರುವಾರ ಗುರುಗಳು ಕಣ್ಣು ಮುಚ್ಚಿ ಕೇಳಿ, "ಬರುವ ವಾರವೂ ಇದೇ ಸಾಲು" ಎಂದರು. ಅವರು ಹೇಳದಿದ್ದರೂ ನಾನು ಅದನ್ನೇ ನುಡಿಸಿಕೊಂಡು ಹೋಗುವವನಿದ್ದೆ.