ಫೈಲ್ ತೆರೆಯದೆಯೇ ಒಳಗೇನಿದೆ ನೋಡುವುದು ಹೇಗೆ?

ಮದುವೆ ಸೀಸನ್ ಬಂತೆಂದರೆ ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ ಫೈಲುಗಳದ್ದೇ ಗೊಂದಲ. 'ಕಾರ್ಡ್ ಫೈನಲ್', 'ಕಾರ್ಡ್ ಫೈನಲ್ ಹೊಸದು', 'ಇದೇ ಫೈನಲ್'. ಮುಹೂರ್ತದ ಸಮಯ ತಿದ್ದಿದ್ದು ಯಾವುದರಲ್ಲಿ? ಒಂದೊಂದನ್ನೇ ತೆರೆದು ಮುಚ್ಚುವಷ್ಟರಲ್ಲಿ ಗಿರಾಕಿ ಟೀ ಕುಡಿದು ವಾಪಸ್ ಬಂದಿರುತ್ತಾರೆ. ಪಹಣಿ, ಅಂಕಪಟ್ಟಿ ಎಲ್ಲ ಒಂದೇ ಫೋಲ್ಡರ್‌ನಲ್ಲಿ ತುಂಬಿಟ್ಟ ಮನೆ ಕಂಪ್ಯೂಟರ್‌ನದೂ ಇದೇ ಪಾಡು.

ವಿಂಡೋಸ್‌ನಲ್ಲಿ ಇದಕ್ಕೆ ದಾರಿ ಸುಲಭ. ಫೋಲ್ಡರ್ ತೆರೆದು ಆಲ್ಟ್ ಕೀ ಹಿಡಿದು ಪಿ ಒತ್ತಿ. ಬಲಗಡೆ ಪ್ರಿವ್ಯೂ ಪೇನ್, ಅಂದರೆ ಫೈಲಿನ ಒಳಗಿರುವುದನ್ನು ತೋರಿಸುವ ಜಾಗ, ಬರುತ್ತದೆ. ವಿಂಡೋಸ್ 11ರಲ್ಲಿ ವ್ಯೂ, ಶೋ, ಪ್ರಿವ್ಯೂ ಪೇನ್ ಎಂದು ಹೋದರೂ ಸರಿ. ಈಗ ಫೈಲ್ ಮೇಲೆ ಒಂದೇ ಸಲ ಕ್ಲಿಕ್ ಮಾಡಿ. ಆಮೇಲೆ ಕೆಳಗಿನ ಬಾಣದ ಕೀ ಒತ್ತುತ್ತಾ ಹೋದರೆ ಒಂದೊಂದೇ ಫೈಲ್ ಪಕ್ಕದಲ್ಲಿ ಕಾಣುತ್ತದೆ. ಪೇನ್ ಚಿಕ್ಕದೆನಿಸಿದರೆ ಅಂಚು ಹಿಡಿದು ಎಳೆಯಿರಿ.

ಫೋಟೊ, ಟೆಕ್ಸ್ಟ್ ಫೈಲುಗಳು ಸಲೀಸಾಗಿ ಕಾಣುತ್ತವೆ. ತಕರಾರು ಶುರುವಾಗುವುದು ಉಳಿದವುಗಳಲ್ಲಿ. ಪೇನ್ ಖಾಲಿ ಇದ್ದರೆ ಫೈಲೇ ಹಾಳಾಗಿದೆ ಎಂದು ಜಾಸ್ತಿ ಜನ ಹೆದರುತ್ತಾರೆ. ಸುಮ್ನೆ ಹೆದರಿಕೆ. ಒಂದೊಂದು ಬಗೆಯ ಫೈಲ್ ತೋರಿಸಲು ವಿಂಡೋಸ್‌ಗೆ ಒಂದೊಂದು ಸಹಾಯಕ ತಂತ್ರಾಂಶ ಬೇಕು. ವರ್ಡ್, ಎಕ್ಸೆಲ್ ಕಾಣಬೇಕಾದರೆ ಮೈಕ್ರೋಸಾಫ್ಟ್ ಆಫೀಸ್ ಹಾಕಿರಬೇಕು. ಪಿಡಿಎಫ್‌ಗೆ ಅಡೋಬಿ ರೀಡರ್ ಹಾಕಿಕೊಳ್ಳಬಹುದು. ಇಲ್ಲವೇ ಮೈಕ್ರೋಸಾಫ್ಟ್‌ನದೇ ಉಚಿತ ತಂತ್ರಾಂಶ ಪವರ್‌ಟಾಯ್ಸ್ ಹಾಕಿ, ಅದರಲ್ಲಿ ಪಿಡಿಎಫ್ ಪ್ರಿವ್ಯೂ ಆನ್ ಮಾಡಿ. ಫೋಟೊಶಾಪ್‌ನ ಪಿಎಸ್‌ಡಿ ಫೈಲನ್ನು ವಿಂಡೋಸ್ ತಾನಾಗಿ ತೋರಿಸುವುದಿಲ್ಲ. ಕಾರ್ಡ್ ವಿನ್ಯಾಸದ ಜತೆಗೇ ಒಂದು ಜೆಪಿಜಿ ಉಳಿಸಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭದ ದಾರಿ.

ಹಳೆಯ ವರ್ಡ್ ಫೈಲಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ? ಅದು ಯೂನಿಕೋಡ್‌ಗೆ (ಈಗ ಎಲ್ಲ ಕಂಪ್ಯೂಟರ್‌ಗಳೂ ಬಳಸುವ ಅಕ್ಷರ ಸಂಕೇತ) ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಬಹುದು. ಆ ಫಾಂಟ್ ಹಾಕಿ, ಮತ್ತೆ ನೋಡಿ.

ಪಿಡಿಎಫ್ ರೀಡರ್ ಇದ್ದೂ, ಮೊದಲು ಕಾಣುತ್ತಿದ್ದದ್ದು ಈಗ ಕಾಣುತ್ತಿಲ್ಲವೇ? ಈ ಫೈಲಿನಿಂದ ಕಂಪ್ಯೂಟರ್‌ಗೆ ಅಪಾಯವಾಗಬಹುದು ಎಂಬ ಎಚ್ಚರಿಕೆ ಬರುತ್ತಿದೆಯೇ? 2025ರ ಅಕ್ಟೋಬರ್‌ನ ವಿಂಡೋಸ್ ಅಪ್‌ಡೇಟ್ ಕಾರಣ. ಇಂಟರ್‌ನೆಟ್‌ನಿಂದ ಇಳಿಸಿದ ಫೈಲುಗಳ ಪ್ರಿವ್ಯೂವನ್ನು ಅದು ತಡೆಯುತ್ತದೆ. ಕೆಟ್ಟ ಫೈಲೊಂದು ಬರೀ ಪ್ರಿವ್ಯೂ ಮೂಲಕವೇ ಲಾಗಿನ್ ಮಾಹಿತಿಯನ್ನು ಹೊರಗೆ ಸಾಗಿಸಬಹುದು ಎಂಬ ಕಾರಣಕ್ಕೆ ಈ ಬಂದೋಬಸ್ತು. ಹಾಗಾಗಿ ಬ್ರೌಸರ್‌ನಲ್ಲಿ ವಾಟ್ಸ್ಆ್ಯಪ್‌ನಿಂದ ಇಳಿಸಿಕೊಂಡ ಕಾರ್ಡ್ ಕಾಣದೆ, ಅದೇ ಕಾರ್ಡ್ ಪೆನ್‌ಡ್ರೈವ್‌ನಲ್ಲಿ ಬಂದರೆ ಕಾಣಬಹುದು. ಕಳಿಸಿದವರು ಗೊತ್ತಿದ್ದರೆ ಮಾತ್ರ ಹೀಗೆ ಮಾಡಿ: ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗಿರುವ ಅನ್‌ಬ್ಲಾಕ್‌ಗೆ ಟಿಕ್, ಓಕೆ. ತಕ್ಷಣ ಕಾಣದಿದ್ದರೆ ಒಮ್ಮೆ ಲಾಗೌಟ್ ಆಗಿ ಬನ್ನಿ. ಗುರುತಿಲ್ಲದ ನಂಬರ್‌ನಿಂದ ಬಂದ ಫೈಲಿನ ಗೊಡವೆ ಬೇಡ.

ಮ್ಯಾಕ್ ಇದ್ದವರಿಗೆ ಇಷ್ಟೆಲ್ಲ ರಗಳೆಯಿಲ್ಲ. ಫೈಲ್ ಆರಿಸಿ ಸ್ಪೇಸ್ ಬಾರ್ ಒತ್ತಿದರಾಯಿತು. 2007ರಿಂದಲೂ ಇರುವ ಕ್ವಿಕ್ ಲುಕ್ ಪಿಡಿಎಫ್, ವಿಡಿಯೊ ಮಾತ್ರವಲ್ಲ, ಪಿಎಸ್‌ಡಿಯನ್ನೂ ತೋರಿಸುತ್ತದೆ. ಲಿನಕ್ಸ್‌ನ ಉಬುಂಟುನಲ್ಲಿ ಗ್ನೋಮ್ ಸುಶಿ ಎಂಬ ಪ್ಯಾಕೇಜ್ ಹಾಕಿಕೊಂಡರೆ ಅಲ್ಲೂ ಸ್ಪೇಸ್ ಬಾರ್ ಕೆಲಸ ಮಾಡುತ್ತದೆ. ಲಿನಕ್ಸ್‌ನದೇ ಕೆಡಿಇ ಡೆಸ್ಕ್‌ಟಾಪ್ ಇದ್ದರೆ, ಅದರ ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲಿ ಎಫ್11 ಒತ್ತಿ.

ಪ್ರಿವ್ಯೂ ಪೇನ್ ತೆರೆದೇ ಇದ್ದರೆ ಕೆಲವು ಸಲ ಫೈಲ್ ಅಳಿಸಲು, ಹೆಸರು ಬದಲಿಸಲು ವಿಂಡೋಸ್ ಬಿಡುವುದಿಲ್ಲ. ಫೈಲ್ ಬಳಕೆಯಲ್ಲಿದೆ ಎನ್ನುತ್ತದೆ. ಆಗ ಮತ್ತೆ ಆಲ್ಟ್ ಮತ್ತು ಪಿ ಒತ್ತಿ ಪೇನ್ ಮುಚ್ಚಿ. ಅಂಗಡಿಯ ಕೌಂಟರ್‌ನಲ್ಲಂತೂ ಕೆಲಸ ಮುಗಿದ ಕೂಡಲೇ ಮುಚ್ಚಿಬಿಡಿ. ಒಬ್ಬರ ಆಧಾರ್ ಕಾರ್ಡ್ ಇನ್ನೊಬ್ಬ ಗಿರಾಕಿಯ ಕಣ್ಣಿಗೆ ಯಾಕೆ ಬೀಳಬೇಕು, ಅಲ್ವಾ?