ಬೆಂಗಳೂರಿನ ಸಾಹಿತ್ಯ ಉತ್ಸವ, ನಿಮ್ಮೂರಿನ ಲೈಬ್ರರಿಯಲ್ಲಿ ಲೈವ್

ಆಸ್ಟ್ರೇಲಿಯಾದ ಸಾಹಿತ್ಯ ಉತ್ಸವ ಸಿಡ್ನಿ ರೈಟರ್ಸ್ ಫೆಸ್ಟಿವಲ್‌ನವರು ‘ಲೈವ್ ಅಂಡ್ ಲೋಕಲ್’ ಹೆಸರಲ್ಲಿ ತಮ್ಮ ಗೋಷ್ಠಿಗಳನ್ನು ದೂರದ ಊರುಗಳ ಲೈಬ್ರರಿಗಳಿಗೆ ನೇರವಾಗಿ ತೋರಿಸುತ್ತಾರೆ. ಬೆಂಗಳೂರಿನ ಉತ್ಸವವನ್ನು ನಿಮ್ಮ ತಾಲ್ಲೂಕಿನಲ್ಲೂ ಹೀಗೆ ತೋರಿಸಬಹುದು. ಮೊದಲು ಆಯೋಜಕರಿಗೆ ಬರೆದು ಒಪ್ಪಿಗೆ ಪಡೆಯಿರಿ. ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತೆ ಅಂತ ಸುಮ್ನೆ ಹಾಕಬೇಡಿ.

ಇಡೀ ದಿನ ಬೇಡ, ಎರಡು ಗೋಷ್ಠಿ ಸಾಕು. ಅದಕ್ಕಿಂತ ಜಾಸ್ತಿ ಯಾರು ಕೂರ್ತಾರೆ?

ಪ್ರೊಜೆಕ್ಟರ್ ಯಾವುದಾದರೂ ನಡೆಯುತ್ತೆ, ತಲೆಬಿಸಿ ಎಲ್ಲ ಸೌಂಡ್‌ದು. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜಾಕ್‌ನಿಂದ ಆಂಪ್ಲಿಫೈಯರ್‌ಗೆ ವೈರ್ ಎಳೆಯಿರಿ, ಬ್ಲೂಟೂತ್ ನಂಬಬೇಡಿ. ಗುಂಯ್ ಅಂತ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರ್ತಾನೆ. ಇಂಟರ್ನೆಟ್‌ಗೂ ವೈಫೈ ಬದಲು ಕೇಬಲ್ಲೇ ಇರಲಿ, ವಿಡಿಯೊಗೆ 720ಪಿ ಗುಣಮಟ್ಟ ಸಾಕು. ಕರೆಂಟ್ ಹೋಗುತ್ತೆ ಅಲ್ವಾ, ಯುಪಿಎಸ್‌ಗೆ ರೌಟರನ್ನೂ ಸೇರಿಸಿ.

ಇನ್ನೊಂದು ವಿಷಯ: ಲೈವ್ ಅಂದರೂ ಚಿತ್ರ ಹತ್ತಿಪ್ಪತ್ತು ಸೆಕೆಂಡ್ ತಡವಾಗಿ ಬರುತ್ತೆ. ಅಲ್ಲಿ ‘ಪ್ರಶ್ನೆ ಇದೆಯಾ?’ ಅಂತ ಕೇಳಿದ್ದು ನಿಮಗೆ ಕೇಳಿಸುವಷ್ಟರಲ್ಲಿ ಮುಂದಿನ ಸಾಲಿನವರು ಮೈಕ್ ಹಿಡಿದಿರುತ್ತಾರೆ, ಅದಕ್ಕೇ ನಿಮ್ಮವರ ಪ್ರಶ್ನೆಗಳನ್ನು ಗೋಷ್ಠಿಯ ಅರ್ಧದಲ್ಲೇ ಚೀಟಿಯಲ್ಲಿ ಬರೆಸಿಕೊಂಡು ಆಯೋಜಕರಿಗೆ ವಾಟ್ಸಾಪ್ ಮಾಡಿ. ಯಾರಿಗೆ ಕಳಿಸಬೇಕು ಅನ್ನೋದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.