ಒಂದು ಹೆಂಟೆ ಮಣ್ಣು, ಆರು ದಿನದ ಪಾಠ: ಎಲ್‌ಕೆಜಿ ಕೋಣೆಯಲ್ಲಿ ಮಣ್ಣೆತ್ತಿನ ವಾರ

ಶಾಲೆ ಶುರುವಾಗಿ ಮೂರು-ನಾಲ್ಕು ವಾರ ಕಳೆದಿರುತ್ತದೆ. ಬಾಗಿಲಲ್ಲಿ ನಿಂತು ಅಳುವ ಮಕ್ಕಳು ಒಂದಿಬ್ಬರು ಉಳಿದಿರುತ್ತಾರೆ ಅಷ್ಟೇ. ಆಗ ಗೇಟಿನ ಹತ್ತಿರ ಇನ್ನೊಂದು ಮಾತು ಶುರುವಾಗುತ್ತದೆ. "ಅಕ್ಕೋರ, ಇನ್ನೂ ಅ ಆ ಬರಸಿಲ್ಲೇನ್ರೀ?"

ಧಾರವಾಡದಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ಜೊತೆ ಇದ್ದು ಬಹಳ ವರ್ಷವಾಯಿತು. ಪ್ರತಿ ಮಳೆಗಾಲಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. ತಾಯಂದಿರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕು ವರ್ಷದ ಕೂಸಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಕಸುವು ಇನ್ನೂ ಬಂದಿರುವುದಿಲ್ಲ. ನಾದಿದರೆ, ಚಿವುಟಿದರೆ, ಉಂಡೆ ಕಟ್ಟಿದರೆ ಆ ಕಸುವು ಬರುತ್ತದೆ. ಅದಕ್ಕೇ ಮೊದಲು ಮಣ್ಣು, ಆಮೇಲೆ ಪೆನ್ಸಿಲ್.

ನಮ್ಮ ಕಡೆ ಇದಕ್ಕೊಂದು ವಾರ ತಾನಾಗಿಯೇ ಒದಗಿ ಬರುತ್ತದೆ. ಕಾರ ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ಹೆಚ್ಚಾಗಿ ಜೂನ್ ಕೊನೆಗೆ ಇಲ್ಲವೇ ಜುಲೈನಲ್ಲಿ ಬರುತ್ತದೆ. ಆ ವಾರ ಮನೆಯಲ್ಲೂ ಮಣ್ಣು, ಪ್ಯಾಟಿಯಲ್ಲೂ ಮಣ್ಣು. ಶಾಲೆಯಲ್ಲಿ ಮಾತ್ರ ಸೇಬು, ಆನೆ, ಛತ್ರಿ ಅಂತ ಚಾರ್ಟ್ ತೋರಿಸುತ್ತಾ ಕೂತರೆ ಹೇಗೆ? ಆರು ದಿನ ಒಂದೇ ವಸ್ತು ಹಿಡಿದು ಕೂರುವುದು ಹೇಗೆ ಅಂತ ನಾನು ಮಾಡಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲೂ ನಡೆಯುತ್ತದೆ, ಮನೆಯಲ್ಲಿ ಒಂದೇ ಮಗು ಇದ್ದರೂ ನಡೆಯುತ್ತದೆ.

ಹಿಂದಿನ ವಾರವೇ ಆಗಬೇಕಾದ ತಯಾರಿ

ಎತ್ತು ಮಾಡಲು ಎರೆಮಣ್ಣು, ಅಂದರೆ ಜಿಗುಟಾದ ಕರಿಮಣ್ಣು ಬೇಕು. ಮಗುವಿಗೆ ಕಾಲು ಕೆಜಿ ಹಿಡಿಯಿರಿ. 20 ಮಕ್ಕಳಿಗೆ 5 ಕೆಜಿ ಆಯಿತು. ಹೊಲದ ಮಣ್ಣೇ ಆಗಬೇಕು. ಗಟಾರದ ಪಕ್ಕದ್ದು, ನಾಯಿ-ಬೆಕ್ಕು ಓಡಾಡುವ ಜಾಗದ್ದು ಬೇಡವೇ ಬೇಡ. ತಂದ ಮಣ್ಣನ್ನು ಎರಡು ದಿನ ಬಿಸಿಲಿಗೆ ಹರವಿ, ಕುಟ್ಟಿ, ಜರಡಿ ಹಿಡಿಯಿರಿ. ಗಾಜಿನ ಚೂರು, ಮುಳ್ಳು, ಮೊಳೆ ಇಲ್ಲ ಅಂತ ಕೈಯಾಡಿಸಿ ನೋಡಿ. ಮಳೆ ಹಿಡಿದುಕೊಂಡರೆ ಬಿಸಿಲು ಸಿಗುವುದಿಲ್ಲ, ಆದ್ದರಿಂದ ಮಣ್ಣನ್ನು ಸ್ವಲ್ಪ ಮೊದಲೇ ತರಿಸಿಟ್ಟುಕೊಂಡರೆ ಒಳ್ಳೆಯದು.

ಪಾಲಕರಿಗೆ ಒಂದು ಚೀಟಿ ಕಳಿಸಿ: ಈ ವಾರ ಹಳೆಯ ಅಂಗಿ ಹಾಕಿ ಕಳಿಸಿ, ಉಗುರು ಕತ್ತರಿಸಿ. ಮೊದಲನೇ ವರ್ಷ ನಾನು ಈ ಚೀಟಿ ಕಳಿಸಿರಲಿಲ್ಲ. ಹೊಸ ಯೂನಿಫಾರ್ಮ್ ಮೇಲೆ ಎರೆಮಣ್ಣಿನ ಕಲೆ ನೋಡಿ ಒಬ್ಬ ತಾಯಿಗೆ ಬಹಳ ಬೇಜಾರಾಯಿತು. ತಪ್ಪು ನನ್ನದೇ ಆಗಿತ್ತು. ಇನ್ನು ಕೈಗೆ ಗಾಯವಾದ ಮಗುವಿಗೆ ಆ ದಿನ ಮಣ್ಣು ಕೊಡಬೇಡಿ, ಬೇರೆ ಕೆಲಸ ಕೊಡಿ. ಬಾಗಿಲ ಹೊರಗೆ ಎರಡು ಬಕೆಟ್ ನೀರು, ಸೋಪು, ಒರೆಸಲು ಬಟ್ಟೆ ಇರಲಿ.

ಸೋಮವಾರ: ನಿಮ್ಮ ಮನೆ ಮಣ್ಣು ಯಾವ ಬಣ್ಣ?

ಪ್ರತಿ ಮಗುವೂ ಒಂದು ಮುಷ್ಟಿ ಮಣ್ಣು ಕಟ್ಟಿಕೊಂಡು ಬರಬೇಕು. ಹಳೆಯ ಪೇಪರ್ ಹಾಸಿ ಸಾಲಾಗಿ ಸುರಿಯಿರಿ. ಆಮೇಲೆ ಒಂದೈದು ನಿಮಿಷ ಏನೂ ಹೇಳಬೇಡಿ. ಮಕ್ಕಳು ಮುಟ್ಟಲಿ, ಮೂಸಲಿ.

ಧಾರವಾಡ ನಿಂತಿರುವುದೇ ಎರಡು ಮಣ್ಣಿನ ನಡುವೆ. ಪಶ್ಚಿಮಕ್ಕೆ ಅಳ್ನಾವರದ ಕಡೆ ಹೋದರೆ ಕೆಂಪು ಮಣ್ಣು, ಭತ್ತದ ಗದ್ದೆ. ಪೂರ್ವಕ್ಕೆ ನವಲಗುಂದ, ಅಲ್ಲಿಂದ ಗದಗದ ಕಡೆ ತಿರುಗಿದರೆ ಕಣ್ಣು ಹಾಯುವವರೆಗೂ ಕರಿ ಎರೆಹೊಲ. ಹೆಸರು, ಹತ್ತಿ, ಜೋಳ, ಕಡಲೆ. ಹಾಗಾಗಿ ಇಪ್ಪತ್ತು ಮಕ್ಕಳ ಇಪ್ಪತ್ತು ಮುಷ್ಟಿಯಲ್ಲಿ ಕೆಂಪು, ಕಪ್ಪು, ಬೂದು ಎಲ್ಲ ಬರುತ್ತದೆ. ಎರೆಮಣ್ಣಿನಲ್ಲಿ ಒಂದೆರಡು ಬಿಳಿ ಸುಣ್ಣದ ಹರಳೂ ಸಿಗುತ್ತದೆ. ಅದು ಸಿಕ್ಕ ಮಗುವಿಗೆ ಮುತ್ತು ಸಿಕ್ಕಷ್ಟು ಸಂತೋಷ.

ಈಗ ಬಣ್ಣದ ಪ್ರಕಾರ ಗುಂಪು ಮಾಡಿಸಿ. ಬೂದು ಮಣ್ಣು ಯಾವ ಗುಂಪಿಗೆ? ಜಗಳವಾಗುತ್ತದೆ. ಆಗಲಿ, ಅವರೇ ತೀರ್ಮಾನ ಮಾಡಲಿ. ವಿಂಗಡಿಸುವುದು, ಹೋಲಿಸುವುದು, ಕಾರಣ ಹೇಳುವುದು ಗಣಿತದ ಮೊದಲ ಮೆಟ್ಟಿಲು.

ಆಮೇಲೆ ಕೇಳಿ: ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ? ಹುಬ್ಬಳ್ಳಿ-ಧಾರವಾಡದ ಯಾವ ಕೋಣೆಯಲ್ಲೂ ಒಂದೇ ಮನೆಮಾತು ಇರುವುದಿಲ್ಲ. ಉರ್ದು ಮಾತಾಡುವ ಮಗು ಮಿಟ್ಟಿ ಅನ್ನುತ್ತದೆ, ಮರಾಠಿ ಮನೆಯದು ಮಾತಿ ಅನ್ನುತ್ತದೆ. ಎಲ್ಲ ಹೆಸರನ್ನೂ ಎಲ್ಲರ ಬಾಯಲ್ಲೂ ಹೇಳಿಸಿ. ತನ್ನ ಮನೆಯ ಮಾತು ಇಡೀ ಕ್ಲಾಸಿನ ಬಾಯಲ್ಲಿ ಕೇಳಿದಾಗ ಆ ಕೂಸಿನ ಮುಖ ಹೇಗಾಗುತ್ತದೆ ಅಂತ ನೀವೇ ನೋಡಬೇಕು.

ಮನೆಗೆ ಬಿಡುವ ಮುಂಚೆ ಒಂದು ಕೆಲಸ ಮರೆಯಬೇಡಿ. ರಾತ್ರಿ ನೆನೆಸಿಟ್ಟ ಹೆಸರುಕಾಳನ್ನು ಮಕ್ಕಳ ಕೈಯಿಂದಲೇ ಎರಡು ಡಬ್ಬಿಯಲ್ಲಿ ಊರಿಸಿ. ಒಂದರಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಕಪ್ಪು. ಗುರುವಾರದ ಪಾಠಕ್ಕೆ ಮೊಳಕೆ ಬೇಕು, ಅದಕ್ಕೆ ಸೋಮವಾರವೇ ಊರಬೇಕು. ನಮ್ಮ ಕಡೆ ಹೆಸರು ಬಿತ್ತುವುದೂ ಮುಂಗಾರು ಮಳೆಗೇ. ಹೊಲದಲ್ಲಿ ನಡೆಯುವುದೇ ಕಿಟಕಿಯಲ್ಲೂ ನಡೆದ ಹಾಗಾಯಿತು.

ಮಂಗಳವಾರ: ಹಾವು ಮಾಡು ನೋಡೋಣ

ಎರಡೂ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ನಾದಿಸಿ. ಅಂಗೈ ನಡುವೆ ಇಟ್ಟು ಉದ್ದಕ್ಕೆ ಹೊಸೆದು ಹಾವು ಮಾಡಲು ಹೇಳಿ. ಎರೆಮಣ್ಣಿನ ಹಾವು ಉದ್ದಕ್ಕೆ ಬೆಳೆಯುತ್ತಾ ಹೋಗುತ್ತದೆ. ಮರಳು ಜಾಸ್ತಿ ಇರುವ ಕೆಂಪು ಮಣ್ಣಿನದು ಅರ್ಧಕ್ಕೇ ತುಂಡಾಗುತ್ತದೆ. "ಇದ್ಯಾಕ ಮುರೀತು?" ಅಂತ ಮಕ್ಕಳೇ ಕೇಳುತ್ತಾರೆ. ಉತ್ತರ ಕೊಡಲು ಅವಸರ ಬೇಡ. ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಲಿ. ಒಂದು ಬೆಣ್ಣೆಯ ಹಾಗೆ ಜಾರುತ್ತದೆ, ಇನ್ನೊಂದು ಚರಚರ ಅನ್ನುತ್ತದೆ. ಅಷ್ಟು ಸಾಕು.

ನೀರು ಮಾತ್ರ ನೀವೇ ಚಮಚದಲ್ಲಿ ಹಾಕಿ. ಮಗ್ಗು ಮಕ್ಕಳ ಕೈಗೆ ಹೋದರೆ ಕ್ಷಣದಲ್ಲಿ ರಾಡಿ ಆಗುತ್ತದೆ, ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಚಟುವಟಿಕೆಗೆ ಪ್ಲಾಸ್ಟಿಕ್ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು. ಮುಚ್ಚಳ ಬಿಗಿ ಮಾಡಿ ಎಲ್ಲರೂ ಒಂದೊಂದು ಸಲ ಅಲ್ಲಾಡಿಸಲಿ. ಕಿಟಕಿಯಲ್ಲಿ ಇಡಿ. ಮರಳು ಕೂಡಲೇ ತಳಕ್ಕೆ ಕೂರುತ್ತದೆ, ನಯವಾದ ಪುಡಿ ಅದರ ಮೇಲೆ ನಿಧಾನಕ್ಕೆ. ಎಲೆಯ ಚೂರು ಮೇಲೆ ತೇಲುತ್ತದೆ. ಜಿಗುಟು ಮಣ್ಣಿನ ನೀರು ತಿಳಿಯಾಗಲು ಒಂದು ದಿನಕ್ಕಿಂತ ಜಾಸ್ತಿ ಬೇಕಾಗುತ್ತದೆ. ಬೆಳಿಗ್ಗೆ ಬಂದ ತಕ್ಷಣ ಮಕ್ಕಳು ಬ್ಯಾಗ್ ಕೂಡ ಇಳಿಸದೆ ಆ ಬಾಟಲಿ ಹತ್ತಿರ ಓಡುತ್ತಾರೆ.

ಬುಧವಾರ: ಎತ್ತಿನ ದಿನ

ವಾರದ ನಡುವೆ ಇದನ್ನು ಇಟ್ಟದ್ದಕ್ಕೆ ಕಾರಣವಿದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಣ್ಣಿನ ಎತ್ತು ಒಣಗಲು ಎರಡು-ಮೂರು ದಿನ ಬೇಕು. ಶುಕ್ರವಾರ ಮಾಡಿದರೆ ಶನಿವಾರ ಇನ್ನೂ ಹಸಿಯೇ ಇರುತ್ತದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದು ಇದಕ್ಕೇ. ಎತ್ತಿಗೂ ಹಾಗೆ ಆಗಬಾರದು ಅಂದರೆ ಮಣ್ಣಿಗೆ ಒಂದಿಷ್ಟು ಸಣ್ಣ ಮರಳು, ಬಿಡಿಸಿದ ಹತ್ತಿ ಎಳೆ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಒದ್ದೆ ಬಟ್ಟೆ ಮುಚ್ಚಿ ಒಂದು ತಾಸು ಬಿಡಿ.

ಮಾಡುವ ಕ್ರಮ ಹೀಗೆ. ಮೊದಲು ದಪ್ಪ ಬದನೆಕಾಯಿಯಂಥ ಮೈ. ಅದರ ಒಂದು ತುದಿಯನ್ನೇ ಎಳೆದು ಕುತ್ತಿಗೆ, ತಲೆ. ಹೆಗಲ ಮೇಲೆ ಚಿವುಟಿ ಎತ್ತಿದರೆ ಇಣಿ. ಮೈಯ ಕೆಳಗಿನಿಂದಲೇ ಮಣ್ಣು ಎಳೆದು ನಾಲ್ಕು ಗಿಡ್ಡ ಕಾಲು ಮಾಡಬೇಕು. ಬೇರೆ ಮಾಡಿ ಅಂಟಿಸಿದ ಕಾಲು ಒಣಗಿದ ಮೇಲೆ ಬಿದ್ದುಹೋಗುತ್ತದೆ. ಕೋಡು ಚಿಕ್ಕದಾದ್ದರಿಂದ ಅಂಟಿಸಲೇಬೇಕು. ಅಂಟಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ನೀರಿನಂಥ ಮಣ್ಣು ಸವರಿ ಒತ್ತಿ. ಮೂರೂವರೆ ವರ್ಷದ ಮಗು ಮೈ ಮಾಡಿ ಎರಡು ಕೋಡು ಚುಚ್ಚಿದರೂ ಅದು ಎತ್ತೇ. ನೀವು ತಿದ್ದಲು ಹೋಗಬೇಡಿ. ಅದು ಅವರ ಎತ್ತು.

ಮಾಡುತ್ತಾ ಮಾಡುತ್ತಾ ಎಣಿಕೆ ಬರಲಿ. ಒಂದು ಬಾಲ, ಎರಡು ಕೋಡು, ನಾಲ್ಕು ಕಾಲು. ಪಕ್ಕದವರ ಎತ್ತು ಸೇರಿಸಿದರೆ ಜೋಡಿ. ಜೋಡೆತ್ತಿಗೆ ಎಷ್ಟು ಕಾಲು? ಬೆರಳಿಟ್ಟು ಎಣಿಸಿ ಎಂಟು ಅನ್ನುತ್ತಾರೆ. ಉಳಿದ ಮಣ್ಣಲ್ಲಿ ಮೇವು ಹಾಕಲು ಗೋದಲಿ.

ಒಂದು ಎಚ್ಚರಿಕೆ. ಮನೆಯಲ್ಲಿ ಎತ್ತಿನ ಕಣ್ಣಿಗೆ ಗುಲಗಂಜಿ ಇಡುವವರಿದ್ದಾರೆ. ಕ್ಲಾಸಿನೊಳಗೆ ಗುಲಗಂಜಿ ತರಲೇಬೇಡಿ. ಆ ಬೀಜ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ, ಅಷ್ಟು ವಿಷ ಅದರಲ್ಲಿದೆ. ಜೋಳ, ಕುಸುಬಿಯಿಂದ ಸಿಂಗಾರ ಮಾಡುವುದು ಚೆಂದ, ಆದರೆ ಪುಟ್ಟ ಮಕ್ಕಳು ಕಾಳನ್ನು ಮೂಗಿಗೆ ಹಾಕಿಕೊಳ್ಳುತ್ತಾರೆ. ನಾನು ನಾಲ್ಕು ವರ್ಷ ದಾಟಿದವರಿಗೆ ಮಾತ್ರ, ಒಂದು ಸಲಕ್ಕೆ ಐದೇ ಮಕ್ಕಳನ್ನು ಎದುರು ಕೂರಿಸಿಕೊಂಡು ಕೊಡುತ್ತೇನೆ. ಚಿಕ್ಕವರಿಗೆ ಒಂದು ಕಡ್ಡಿ ಕೊಟ್ಟರೆ ಕಣ್ಣು, ಬೆನ್ನಿಗೆ ಹೊದಿಸುವ ಜೂಲು, ಗೆಜ್ಜೆ ಎಲ್ಲವನ್ನೂ ಒತ್ತಿಯೇ ಬಿಡಿಸುತ್ತಾರೆ.

ಒಂದು ವರ್ಷದ ಸಂಗತಿ ಹೇಳಲೇಬೇಕು. ಶಾಲೆಗೆ ಬಂದು ತಿಂಗಳಾದರೂ ಬಾಯಿಬಿಡದ ಒಂದು ಹುಡುಗಿ ಇದ್ದಳು. ಹೆಸರು ಕೂಗಿದರೆ ಕತ್ತು ಆಡಿಸುತ್ತಿದ್ದಳು, ಅಷ್ಟೇ. ಅವತ್ತು ಎತ್ತನ್ನು ಎತ್ತಿ ಹಲಗೆ ಮೇಲೆ ಇಡುವಾಗ ಮುಂಗಾಲೊಂದು ಮುರಿದು ಕೈಗೆ ಬಂತು. ಅದನ್ನೇ ನೋಡುತ್ತಾ ನಿಂತಳು. ತುಟಿ ನಡುಗುತ್ತಿತ್ತು. ನಾನು ಹತ್ತಿರ ಕೂತು, "ಇರಲಿ ಬಿಡವಾ, ಇದು ಕುಂಟೆತ್ತು ಆತು" ಅಂದೆ. ಅಮಾವಾಸ್ಯೆಯ ಮರುದಿನ ಹಳ್ಳಿಯ ಮಕ್ಕಳು ಕುಂಟೆತ್ತು ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುವ ರೂಢಿ ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ, "ನಮ್ಮ ಅಣ್ಣಾನೂ ಹೋಗ್ತಾನ್ರೀ. ಕೊಡಾ ತುಂಬ ಜ್ವಾಳ ತರ್ತಾನ" ಅಂದಳು. ನಾನು ಕೇಳಿದ ಅವಳ ಮೊದಲ ಮಾತು ಅದು.

ಒಣಗಿಸುವುದು ನೆರಳಲ್ಲೇ. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಬಿರಿಯುತ್ತದೆ.

ಗುರುವಾರ: ಅಜ್ಜನ ಕತೆ, ಮಣ್ಣಿನ ಪಾಟಿ

ಯಾರಾದರೂ ಒಬ್ಬ ಮಗುವಿನ ಅಜ್ಜನನ್ನೋ ಅಜ್ಜಿಯನ್ನೋ ಕರೆಸಿ. ನಾನು ಹೇಳಿಸುವುದು ಹಗೇವಿನ ಕತೆ. ನೆಲದೊಳಗೆ ಆಳದ ಕುಣಿ ತೋಡಿ, ಸುತ್ತ ಹೊಟ್ಟು, ಹುಲ್ಲು ಹಾಕಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೆಯುತ್ತಿದ್ದರು. ಬರ ಬಂದಾಗ ತೆಗೆಯುತ್ತಿದ್ದರು. ಬಾಯಿ ತೆರೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕಿತ್ತು. ನೆಲದೊಳಗೆ ಜೋಳದ ಮನೆ ಅಂದರೆ ಮಕ್ಕಳ ಕಣ್ಣು ಅರಳುತ್ತದೆ. ಗದಗ, ನರಗುಂದದ ಕಡೆಯವರು ಯಾರಾದರೂ ಸಿಕ್ಕರೆ ಮಣ್ಣಿನ ಮಾಳಿಗೆ ಮನೆಯ ಬಗ್ಗೆಯೂ ಕೇಳಿ. ಕತೆ ಕಾಲು ತಾಸಿಗಿಂತ ಉದ್ದ ಬೇಡ, ಆಮೇಲೆ ಮಕ್ಕಳು ಕೂರುವುದಿಲ್ಲ.

ಅಷ್ಟರಲ್ಲಿ ಡಬ್ಬಿಯಲ್ಲಿ ಹೆಸರು ಮೊಳೆತು ತಲೆ ಎತ್ತಿರುತ್ತದೆ. ಒಂದು ಕಾಳನ್ನು ಕಿತ್ತು ತೋರಿಸಿ. ಬೇರು ಕೆಳಗೆ, ಕುಡಿ ಮೇಲೆ.

ಇವತ್ತು ಅಕ್ಷರ. ಅಗಲವಾದ ತಾಟಿನಲ್ಲಿ ಒಣಗಿದ ನಯ ಮಣ್ಣು ಹರವಿ, ಬೆರಳಲ್ಲಿ ಬರೆಸಿ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಆಡುತ್ತಾ ಕಲಿಸುವ ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆ, ಇ ಅಂತ ಅಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಮೊದಲು ಬರುತ್ತವೆ. ನಾನೂ ರ-ದಿಂದಲೇ ಶುರು ಮಾಡುತ್ತೇನೆ. ತಪ್ಪಾದರೆ ತಾಟು ಅಲ್ಲಾಡಿಸಿದರಾಯಿತು, ಅಳಿಸಿಹೋಗುತ್ತದೆ. ಕೆಂಪು ಗೆರೆ ಎಳೆಯಲು ಅಲ್ಲಿ ಜಾಗವೇ ಇಲ್ಲ. ಬರೆಯಲು ಮನಸ್ಸಿಲ್ಲದವರು ಹಾವು ಬಿಡಿಸಲಿ, ಸೂರ್ಯ ಬಿಡಿಸಲಿ.

ಶುಕ್ರವಾರ: ಬಣ್ಣ

ಪ್ಯಾಟಿಯಲ್ಲಿ ಮಾರುವ ಎತ್ತಿನ ಹಾಗೆ ಥಳಥಳ ಹೊಳೆಯಬೇಕಿಲ್ಲ. ಕೆಮ್ಮಣ್ಣು ಕಲಸಿದ ನೀರು, ಅರಿಶಿನದ ನೀರು, ಬಿಳಿಗೆ ಜೋಳದ ಹಿಟ್ಟಿನ ಗಂಜಿ. ಸುಣ್ಣ ಬೇಡ, ಕಣ್ಣಿಗೆ ಸಿಡಿದರೆ ಕಷ್ಟ. ಕುಂಚದ ಬದಲು ಕಡ್ಡಿಗೆ ಹತ್ತಿ ಸುತ್ತಿಕೊಡಿ. ಬಣ್ಣ ತೆಳುವಾಗಿ ಹಚ್ಚಬೇಕು, ನೀರು ಜಾಸ್ತಿಯಾದರೆ ಎತ್ತು ಕರಗುತ್ತದೆ. ಹತ್ತಿರದಲ್ಲಿ ಕುಂಬಾರರ ಮನೆ ಇದ್ದರೆ ಮಧ್ಯಾಹ್ನ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಮನೆಗೊಂದು ಕೆಲಸ ಕೊಡಿ: ಮನೆಯಲ್ಲಿ ಮಣ್ಣಿನದು ಏನೇನಿದೆ, ಅವ್ವನ ಜೊತೆ ಹುಡುಕಿ ಬಾ.

ಶನಿವಾರ: ಅರ್ಧ ದಿನ, ಪಾಲಕರೂ ಬರಲಿ

ಎತ್ತುಗಳನ್ನು ಸಾಲಾಗಿ ನಿಲ್ಲಿಸಿ. ಮಗುವೇ ತನ್ನ ಎತ್ತಿನ ಹೆಸರು ಹೇಳಿ ತೋರಿಸಲಿ. ಯಾರದ್ದು ಚೆಂದ ಅಂತ ಬಹುಮಾನ ಇಡಬೇಡಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಪರೀಕ್ಷೆ ಸಲ್ಲದು, ನೋಡಿ ತಿಳಿಯಿರಿ ಎನ್ನುತ್ತದೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೆ ಎರಡೇ ಸಾಲು ಬರೆದಿಡುತ್ತೇನೆ. "ಎರಡೂ ಕೈ ಸೇರಿಸಿ ಹೊಸೆದ." "ಎಂಟರವರೆಗೆ ಬೆರಳಿಟ್ಟು ಎಣಿಸಿದಳು." "ಪಕ್ಕದವನಿಗೆ ತನ್ನ ಮಣ್ಣು ಕೊಟ್ಟ." ಗೇಟಿನಲ್ಲಿ ಪ್ರಶ್ನೆ ಕೇಳಿದ ತಾಯಿಗೆ ಆ ಸಾಲು ಓದಿ ಹೇಳಿ. ಹಾಗೇ ಮಗುವಿನ ಕೈಗೆ ಒಂದು ಬಳಪ ಕೊಟ್ಟು ಹಿಡಿಯುವ ರೀತಿಯನ್ನೂ ತೋರಿಸಿ.

ಕೊನೆಗೆ ಬಕೆಟ್ ನೀರಿನಲ್ಲಿ ಒಂದು ಎತ್ತನ್ನು ಇಳಿಸಿ. ಸಿಂಗಾರದ ಕಾಳನ್ನು ಮೊದಲೇ ತೆಗೆದಿಡಿ. ಕೋಡು ಮೊದಲು ಕರಗುತ್ತದೆ, ಆಮೇಲೆ ಕಾಲು. ಗುಳ್ಳೆ ಏಳುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಾರೆ. ಮೈ ಕುಸಿದು ಮತ್ತೆ ಮಣ್ಣಾದ ಮೇಲೆ ಆ ನೀರನ್ನು ಹೆಸರಿನ ಸಸಿಗೆ ಹಾಕಿಸಿ. ತನ್ನ ಎತ್ತನ್ನು ನೀರಿಗೆ ಬಿಡುವುದಿಲ್ಲ ಅಂತ ಯಾವುದಾದರೂ ಮಗು ಹಟ ಹಿಡಿದರೆ ಒತ್ತಾಯ ಬೇಡ. ಕಿಟಕಿಯ ಮೇಲೆ ಜಾಗ ಮಾಡಿಕೊಡಿ. ನಮ್ಮ ಕಿಟಕಿಯಲ್ಲಿ ಆ ಕುಂಟೆತ್ತು ದಸರಾ ರಜೆಯವರೆಗೂ ಇತ್ತು.